ಮಕ್ಕಳನ್ನು ಊರಾಚೆ ಕಳಿಸಬೇಡ

ಕಾಚಿಗುಡಾ, ಹೈದರಾಬಾದ್

ಚಿ. ಪುಟ್ಟಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂದೆ. ಒಪ್ಪಿಕೊಂಡೆ ಅಂತ ತಿಳಿಯಬೇಡ. ಪಕ್ಕದಲ್ಲಿ ನಿನ್ನ ಮಗ ಚಿನ್ನು ಕೂತಿದ್ದ, ಅವನ ಕಿವಿಗೆ ಬೀಳುವುದು ಬೇಡ ಅಂತ ಸುಮ್ಮನಾದೆ. ಫೋನಿನಲ್ಲಿ ಮತ್ತೆ ಮಾತು ತೆಗೆದರೆ ನಿನ್ನ ಕುಕ್ಕರ್ ಕೂಗುತ್ತದೆ, ಇಲ್ಲವೇ ಆಫೀಸಿನ ಕಾಲ್ ಬರುತ್ತದೆ. ಅದಕ್ಕೇ ಪತ್ರ. ರಾತ್ರಿ ಮಕ್ಕಳು ಮಲಗಿದ ಮೇಲೆ ಓದು. ನೀನು ಮದುವೆಯಾಗಲಿರುವ ಅವರಿಗೂ ಓದಿ ಹೇಳು, ಕನ್ನಡ ಬಾರದಿದ್ದರೆ ತೆಲುಗಿನಲ್ಲಿ ಹೇಳು.

ನೀನು ಹೇಳಿದ್ದು ಇಷ್ಟು. ಎರಡನೇ ಮದುವೆಗೆ ಯಾಕೆ ಗದ್ದಲ, ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಬಂದುಬಿಡುತ್ತೇವೆ. ಆ ವಾರ ಚಿನ್ನು ರಾಯಚೂರಿನಲ್ಲಿ ತಾಯಿಯ ಕಡೆಯ ಅಜ್ಜಿಯ ಹತ್ತಿರ ಇರಲಿ, ಅವರ ಮಗಳು ಬುಜ್ಜಿ ವರಂಗಲ್ಲಿನಲ್ಲಿ ಅವಳ ಅಜ್ಜಿಯ ಹತ್ತಿರ ಇರಲಿ. ಮಕ್ಕಳು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಸರಳವಾಗಿ ಮಾಡಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಈ ಊರಿನ ಫಂಕ್ಷನ್ ಹಾಲ್‌ಗಳ ಬಾಡಿಗೆ, ಆ ಹೂವಿನ ಗೋಡೆ, ಎದೆ ನಡುಗಿಸುವ ಡಿಜೆ, ನೆತ್ತಿಯ ಮೇಲೆ ಹಾರುವ ಡ್ರೋನು, ಇದ್ಯಾವುದೂ ಇಲ್ಲದಿದ್ದರೆ ನನಗಿಂತ ಸಂತೋಷಪಡುವವರು ಇನ್ಯಾರೂ ಇಲ್ಲ. ನನ್ನ ತಕರಾರು ಮಕ್ಕಳನ್ನು ಸಾಗಹಾಕುವ ಆ ಲೆಕ್ಕಾಚಾರಕ್ಕೆ. ಅದು ನಿನ್ನ ತಲೆಯಲ್ಲಿ ಹುಟ್ಟಿದ್ದಲ್ಲ, ಪುಟ್ಟಿ. ಬಹಳ ಹಳೆಯದು.

ನಮ್ಮ ಕಡೆ ಉಡಕಿ ಅಂತ ಒಂದು ಪದ್ಧತಿ ಇತ್ತು. ಕೂಡಿಕೆ ಅಂತಲೂ ಕರೆಯುತ್ತಾರೆ. ನಿಮ್ಮ ಅಪ್ಪನನ್ನು ಕೇಳು, ಹೇಳಿಯಾನು. ಗಂಡ ಸತ್ತವಳನ್ನು, ಬಿಟ್ಟವಳನ್ನು ಇನ್ನೊಬ್ಬನಿಗೆ ಕೊಟ್ಟು ಕೂಡಿಸುವುದು. ಮೇಲ್ಜಾತಿಯವರು ವಿಧವೆಯರನ್ನು ಮೂಲೆಗೆ ಕೂರಿಸಿದ್ದ ಕಾಲದಲ್ಲೂ ರೈತಾಪಿ, ಕಸುಬಿನ ಜನ ಹೆಣ್ಣಿಗೆ ಎರಡನೇ ಬಾಳು ಕೊಟ್ಟಿದ್ದರು. ಆ ಮಟ್ಟಿಗೆ ಅವರು ದೊಡ್ಡವರು. ಆದರೆ ಅದನ್ನು ಮಾಡುತ್ತಿದ್ದ ರೀತಿ ಇದೆಯಲ್ಲ! ನಾನು ಸಣ್ಣವಳಿದ್ದಾಗ ಊರಲ್ಲಿ ಒಂದು ಉಡಕಿ ಆಯಿತು. ಕತ್ತಲಾದ ಮೇಲೆ, ಒಂದು ಕಂದೀಲಿನ ಬೆಳಕಿನಲ್ಲಿ. ಬಾಜಾ ಬಜಂತ್ರಿ ಇಲ್ಲ, ಹಂದರ ಇಲ್ಲ, ಮುತ್ತೈದೆಯರು ಯಾರೂ ಹತ್ತಿರ ಸುಳಿಯುವಂತಿಲ್ಲ. ಹೊಸ ಸೀರೆ ಉಡಿಸಿದರು, ಬಳೆ ತೊಡಿಸಿದರು, ಹಿರಿಯರು ನಾಲ್ಕು ಮಾತಾಡಿದರು. ಬೆಳಗಾಗುವ ಮೊದಲೇ ಬಂಡಿ ಹೊರಟಿತು. ಅವಳ ಮಗ ನನ್ನ ಓರಗೆಯವನು, ನಮ್ಮ ಮನೆಯಲ್ಲೇ ಮಲಗಿಸಿದ್ದರು. ಎದ್ದವನಿಗೆ ಅವ್ವ ಒಂದು ಬಟ್ಟಲು ಮಂಡಕ್ಕಿ ಕೊಟ್ಟಳು. ತಿಂದು ಮುಗಿಸಿ, ಬಟ್ಟಲು ತೊಳೆದಿಟ್ಟು, ತಮ್ಮ ಮನೆಗೆ ಹೊರಟ. ಅಲ್ಲಿ ದೊಡ್ಡಪ್ಪ ಇದ್ದ, ಅಜ್ಜಿ ಇದ್ದಳು. ತಾಯಿ ಹೋದ ಊರು ಯಾವುದು ಅಂತ ಅವನಿಗೆ ಯಾರೂ ಹೇಳಲಿಲ್ಲ. ಮಗು ತಂದೆಯ ಮನೆತನದ್ದು, ಅದನ್ನು ಕೇಳುವುದೇನು, ಅನ್ನುವುದು ಊರಿನ ನ್ಯಾಯ.

ಊರಿನ ನ್ಯಾಯವೇನು, ಸರ್ಕಾರದ ಕಾಯ್ದೆಯೂ ಹಾಗೇ ಇತ್ತು. ವಿಧವಾ ವಿವಾಹವನ್ನು ಊರ್ಜಿತ ಮಾಡಿದ 1856ರ ಕಾಯ್ದೆಯನ್ನು ನಾವೆಲ್ಲ ಶಾಲೆಯಲ್ಲಿ ಹೊಗಳಿ ಪಾಠ ಮಾಡಿದವರೇ. ಅದರ ಎರಡನೇ ಕಲಮಿನಲ್ಲಿ, ಮರುಮದುವೆಯಾದವಳು ಸತ್ತವಳಿಗೆ ಸಮ, ಮೊದಲ ಗಂಡನ ಆಸ್ತಿಯಲ್ಲಿ ಅವಳಿಗೆ ಹಕ್ಕಿಲ್ಲ ಅಂತಿತ್ತು. ಮೂರನೆಯದರಲ್ಲಿ, ಸತ್ತ ಗಂಡನ ಕಡೆಯವರು ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸಿ ಅಂತ ಕೋರ್ಟಿಗೆ ಹೋಗಬಹುದಿತ್ತು. ನಿಜಾಮರ ಸೀಮೆಯಲ್ಲಿದ್ದ ನಮಗೆ ಆ ಬ್ರಿಟಿಷ್ ಕಾಯ್ದೆ ನೇರವಾಗಿ ತಾಗುತ್ತಿರಲಿಲ್ಲ, ಬಿಡು. ಪದ್ಧತಿ ಮಾತ್ರ ಎರಡೂ ಕಡೆ ಒಂದೇ.

ಮಗುವಿರುವ ವಿಧವೆಯ ಮದುವೆ ಸುಧಾರಕರಿಗೂ ಕಷ್ಟದ ಜಾಗವೇ. ವೀರೇಶಲಿಂಗಂ ಪಂತುಲು 1881ರ ಡಿಸೆಂಬರಿನಲ್ಲಿ ರಾಜಮಹೇಂದ್ರಿಯಲ್ಲಿ ಮಾಡಿಸಿದ ಮೊದಲ ವಿಧವಾ ವಿವಾಹದ ವಧು ಇನ್ನೂ ಹುಡುಗಿ. ನಮ್ಮ ಗುಲ್ವಾಡಿಯವರ ಕಾದಂಬರಿ 'ಇಂದಿರಾಬಾಯಿ' 1899ರದು. ಅಲ್ಲೂ ಇಂದಿರೆಯ ಕಂಕುಳಲ್ಲಿ ಮಗುವಿಲ್ಲ. ಕೂಸು ಇರುವ ತಾಯಿಯನ್ನು ಹಸೆಮಣೆಯ ಮೇಲೆ ಕಲ್ಪಿಸಿಕೊಳ್ಳುವ ಧೈರ್ಯ ಬರಲು ಕಾಲ ಹಿಡಿಯಿತು. 1965ರಲ್ಲಿ ಭೈರಪ್ಪನವರು 'ವಂಶವೃಕ್ಷ' ಬರೆದಾಗ ಕಾತ್ಯಾಯನಿ ರಾಜನನ್ನು ಮದುವೆಯಾದಳು, ಮಗು ನಂಜನಗೂಡಿನ ಅಜ್ಜನ ಮನೆಯಲ್ಲೇ ಉಳಿಯಿತು. ಮುಂದೆ ಅವಳಿಗೆ ಗರ್ಭ ನಿಲ್ಲಲಿಲ್ಲ, ಆಳು ಇಳಿದುಹೋದಳು. ಕಾರ್ನಾಡರೂ ಕಾರಂತರೂ ಅದನ್ನು ಕನ್ನಡದಲ್ಲಿ ಸಿನಿಮಾ ಮಾಡಿದರು, 1980ರಲ್ಲಿ ಬಾಪು ತೆಲುಗಿನಲ್ಲಿ ಮಾಡಿದರು. ನಿನ್ನ ಆಗಲಿರುವ ಅತ್ತೆ ನೋಡಿದ್ದರೂ ನೋಡಿರಬಹುದು. ಶಾಲೆಯಲ್ಲಿ ಕನ್ನಡ ಹೇಳುತ್ತಿದ್ದ ಅಷ್ಟೂ ವರ್ಷ ನನಗೆ ಆ ಕಾದಂಬರಿಯ ಮೇಲೆ ಪ್ರೀತಿಯೂ ಇತ್ತು, ಜಗಳವೂ ಇತ್ತು. ಬರೆದವರ ಶಕ್ತಿಗೆ ಕೈ ಮುಗಿಯುತ್ತೇನೆ. ಆದರೆ ಮದುವೆಯೋ ಮಗುವೋ ಎಂದು ಹೆಣ್ಣನ್ನು ಕವಲುದಾರಿಯಲ್ಲಿ ನಿಲ್ಲಿಸಿದ ಆ ಕಥೆಯನ್ನು ಜನ ಲೋಕರೂಢಿ ಅಂತಲೇ ಓದಿಕೊಂಡರು, ಅದು ನನಗೆ ಸೇರುವುದಿಲ್ಲ.

ನಿನಗೆ ಯಾರೂ ಅಂಥ ಷರತ್ತು ಹಾಕಿಲ್ಲ. ಮತ್ತೆ ಯಾಕೆ ನೀನೇ ಮಗುವನ್ನು ಒಂದು ವಾರದ ಮಟ್ಟಿಗೆ ಊರಾಚೆ ಇಡುತ್ತೀ?

ಜಾರ್ಖಂಡದ ಕಡೆ ಆದಿವಾಸಿಗಳಲ್ಲಿ ಊರಿಗೆ ಊಟ ಹಾಕಲು ದುಡ್ಡಿಲ್ಲದ ಜೋಡಿಗಳು ಮದುವೆ ಇಲ್ಲದೆಯೇ ಬಾಳುವೆ ಮಾಡುತ್ತವೆ, ಅಂಥವರನ್ನು ಢುಕು ಅನ್ನುತ್ತಾರಂತೆ. ಈಚೆಗೆ ಅವರಿಗೆ ಸಾಮೂಹಿಕ ವಿವಾಹ ಮಾಡಿಸುತ್ತಿದ್ದಾರೆ. ಅಪ್ಪ ಅವ್ವ ಮದುವೆಯಾಗುವಾಗ ಮಕ್ಕಳು, ಕೆಲವು ಕಡೆ ಮೊಮ್ಮಕ್ಕಳೂ ಎದುರಿಗೇ ಕೂತಿರುತ್ತಾರೆ. ಅವರಿಗಿಲ್ಲದ ಸಂಕೋಚ ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿರುವ ನಿಮಗೇಕೆ?

ಈಗ ಕೆಲಸದ ಮಾತು. ವಿಶೇಷ ವಿವಾಹ ಕಾಯ್ದೆಯಲ್ಲಿ ಮಾಡಿಕೊಳ್ಳುವುದಾದರೆ ನೋಟೀಸು ಕೊಟ್ಟು 30 ದಿನ ಕಾಯಬೇಕು, ಆಮೇಲೆ ಮೂವರು ಸಾಕ್ಷಿಗಳು ಬೇಕು. ಆ 30 ದಿನ ಯಾರದಾದರೂ ಆಕ್ಷೇಪಣೆ ಇದ್ದರೆ ಹೇಳಲಿ ಅಂತ ಇಟ್ಟ ಗಡುವು. ದಾರಿಯಲ್ಲಿ ಹೋಗುವವರ ಆಕ್ಷೇಪಣೆಯನ್ನೇ ಸರ್ಕಾರ ಕೇಳುತ್ತದೆ, ನೀವು ಮನೆಯೊಳಗಿನ ಇಬ್ಬರ ಆಕ್ಷೇಪಣೆ ಕೇಳಿ. ಒಪ್ಪಿಗೆ ಕೇಳಬೇಡಿ. ಆರು ವರ್ಷದವನ ತಲೆಯ ಮೇಲೆ ಅಷ್ಟು ಭಾರ ಹೊರಿಸುವುದು ಸರಿಯಲ್ಲ, ಅವನು ಬೇಡ ಅಂದರೆ ನಿಲ್ಲಿಸುವವರೂ ನೀವಲ್ಲ. ಏನು ಕಷ್ಟ ಅಂತ ಮಾತ್ರ ಕೇಳಿ. ಚಿನ್ನು ಈಗಾಗಲೇ ನನ್ನ ಹತ್ತಿರ ಎರಡು ಕೇಳಿದ್ದಾನೆ. ಅವನ ಮಂಚ ಬುಜ್ಜಿಗೆ ಕೊಡಬೇಕಾ? ಹಾಲಿನಲ್ಲಿರುವ ಅಪ್ಪನ ಫೋಟೋ ತೆಗೀತಾರಾ?

ಫೋಟೋ ಅಲ್ಲೇ ಇರಲಿ. ಅವರಿಗೆ ಮುಜುಗರವಾದರೆ ಚಿನ್ನುವಿನ ಓದುವ ಮೇಜಿನ ಮೇಲಕ್ಕೆ ಬರಲಿ, ಅದೂ ಅವನ ಕೈಯಿಂದಲೇ ಇಡಿಸಿ. ಅಟ್ಟಕ್ಕೆ ಮಾತ್ರ ಹೋಗಕೂಡದು. ಮಂಚದ ವಿಷಯ ನಿಮಗೆ ಬಿಟ್ಟಿದ್ದು. ಮೊನ್ನೆ ನಮ್ಮ ಮನೆಗೆ ಬಂದಾಗ ಇಬ್ಬರೂ ಒಂದು ರಿಮೋಟಿಗೆ "ನಕ್ಕೋ, ಮೇರಾ ಹೈ" ಅಂತ ಅಪ್ಪಟ ಹೈದರಾಬಾದಿ ಹಿಂದಿಯಲ್ಲಿ ಕಿತ್ತಾಡಿದ್ದನ್ನು ನೋಡಿದೆ. ಇವನ ಕನ್ನಡ ಅವಳಿಗೆ ಬಾರದು, ಅವಳ ತೆಲುಗು ಇವನಿಗೆ ಅರ್ಧ. ಕಿತ್ತಾಡುವುದಕ್ಕೆ ಒಂದು ಭಾಷೆ ಸಿಕ್ಕಿದೆಯಲ್ಲ, ಅಷ್ಟರಮಟ್ಟಿಗೆ ಸಂಬಂಧ ಕೂಡಿತು ಅಂತಲೇ ನನ್ನ ಲೆಕ್ಕ.

ನಿನ್ನ ಆಗಲಿರುವ ಅತ್ತೆಗೆ ಶಾಸ್ತ್ರೋಕ್ತವಾಗಿ ಆಗಬೇಕು ಅಂತ ಆಸೆ ಇದೆ ಅಂದೆಯಲ್ಲ, ಆಗಲಿ. ಆದರೆ ತೆಲುಗರ ಮುಹೂರ್ತ ಗೊತ್ತಲ್ಲ, ರಾತ್ರಿ ಒಂದಕ್ಕೂ ಎರಡಕ್ಕೂ ಇಡುತ್ತಾರೆ. ನಾಲ್ಕು ವರ್ಷದ ಬುಜ್ಜಿ ಆ ಹೊತ್ತಿನಲ್ಲಿ ಯಾರದೋ ಹೆಗಲ ಮೇಲೆ ಬಾಯಿ ತೆರೆದು ಮಲಗಿರುತ್ತಾಳೆ. ಎಬ್ಬಿಸಿದರೆ ಅಳು, ಎಬ್ಬಿಸದಿದ್ದರೆ ಬೆಳಿಗ್ಗೆ ಮುನಿಸು. ಹಗಲಿನ ಲಗ್ನವೇ ಬೇಕು ಅಂತ ನೀನು ಪಟ್ಟು ಹಿಡಿ. ನಮ್ಮ ಕಡೆಯ ಅಭಿಜಿನ್ ಮುಹೂರ್ತ ಅಂತ ಹೇಳು, ಅವರಿಗೂ ತಿಳಿಯುತ್ತದೆ. ಹೆಚ್ಚು ಎಳೆಯುವುದು ಬೇಡವೆಂದರೆ ಸುಲ್ತಾನ್ ಬಜಾರಿನಲ್ಲಿ ಆರ್ಯ ಸಮಾಜ ಇದೆ. ಎಲ್ಲೇ ಆಗಲಿ, ಹಗಲು ಆಗಲಿ, ಮಕ್ಕಳು ಎದ್ದಿರುವಾಗ ಆಗಲಿ. ಜೀರಿಗೆ ಬೆಲ್ಲ ಇಟ್ಟುಕೊಳ್ಳುವಾಗ ಇಬ್ಬರೂ ಪಕ್ಕದಲ್ಲಿರಲಿ. ತಲಂಬ್ರಾಲು ಹೊಯ್ಯುವಾಗ ಮಕ್ಕಳ ಕೈಗೂ ಒಂದೊಂದು ಬಟ್ಟಲು ಅಕ್ಷತೆ ಕೊಡಿ. ನಿಮ್ಮಿಬ್ಬರ ತಲೆಯ ಮೇಲೆ ಅಕ್ಕಿ ಸುರಿಯಲು ಅವರಿಗೆ ಯಾರ ತರಬೇತಿಯೂ ಬೇಡ. ಊಟಕ್ಕೆ ಪಂಕ್ತಿಯ ತನಕ ಕಾಯಿಸದೆ ಹನ್ನೊಂದಕ್ಕೇ ಮೊಸರನ್ನ ತಿನ್ನಿಸಿ. ಹೋಳಿಗೆಯೋ ಬೊಬ್ಬಟ್ಲೋ, ಆಮೇಲೆ ನೋಡೋಣ.

ಇಷ್ಟು ಹೇಳಿದೆ ಅಂತ ಮಕ್ಕಳನ್ನು ಮದುವೆಯ ಅಲಂಕಾರ ಮಾಡಬೇಡ. ಈಗ ಅದೊಂದು ಹೊಸ ರೋಗ ಬಂದಿದೆ. ಶುಭಲೇಖದ ಮೇಲೆ "ನಮ್ಮಮ್ಮನ ಮದುವೆಗೆ ಬನ್ನಿ" ಅಂತ ಮಗುವಿನ ಬಾಯಲ್ಲಿ ಅಚ್ಚು ಹಾಕಿಸುವುದು, ಸ್ಟೇಜಿನ ಮೇಲೆ ಮೈಕ್ ಹಿಡಿಸಿ "ಹೊಸ ಅಪ್ಪ ಇಷ್ಟಾನಾ" ಅಂತ ಕೇಳುವುದು, ಅದನ್ನು ರೀಲ್ ಮಾಡುವುದು. ಯಾರಾದರೂ ಚಿನ್ನುವಿಗೆ "ಡ್ಯಾಡಿ ಅನ್ನು" ಅಂತ ಒತ್ತಾಯ ಮಾಡಿದರೆ ನನ್ನನ್ನು ಕರೆ, ಬಂದು ನಾಲ್ಕು ಮಾತು ಹೇಳುತ್ತೇನೆ. ಈಗ ಅಂಕಲ್ ಅನ್ನುತ್ತಾನೆ, ಅನ್ನಲಿ. ಬುಜ್ಜಿಗಂತೂ ಅಮ್ಮ ಇದ್ದಾಳೆ, ವಾರಕ್ಕೊಮ್ಮೆ ನೋಡುತ್ತಾಳೆ. ಆಕೆಗೆ ಈ ಸುದ್ದಿ ಮೊದಲು ಬುಜ್ಜಿಯ ಅಪ್ಪನ ಬಾಯಿಂದ ಹೋಗಬೇಕು, ಮಗುವಿನ ಬಾಯಿಂದಲ್ಲ.

ಇನ್ನು ಕಲಬುರ್ಗಿಯಲ್ಲಿರುವ ಚಿನ್ನುವಿನ ತಂದೆಯ ಕಡೆಯ ಅಜ್ಜ ಅಜ್ಜಿ, ಅಂದರೆ ನಿನ್ನ ಅತ್ತೆ ಮಾವ. ಈ ವಿಷಯ ಬಂದಾಗಲೆಲ್ಲ ನೀನು ಬೇರೆ ಮಾತು ತೆಗೆಯುತ್ತೀ. ಸುಪ್ರೀಂ ಕೋರ್ಟಿನ ತನಕ ಹೋದ ಒಂದು ಮೊಕದ್ದಮೆ ಹೇಳುತ್ತೇನೆ. ಮಗು ಇನ್ನೂ ಎಳೆಯದಿರುವಾಗಲೇ ತಂದೆ ತೀರಿಕೊಂಡ, ತಾಯಿ ಮರುಮದುವೆಯಾದಳು. ತಂದೆಯ ಕಡೆಯ ಅಜ್ಜ ಅಜ್ಜಿ ಮಗು ನಮಗೆ ಬೇಕು ಅಂತ ಕೋರ್ಟಿಗೆ ಹೋದರು. ಮನೆತನದ ಹೆಸರಿನ ತನಕ ಜಗಳ ಬಂತು. ಆಂಧ್ರದ ಹೈಕೋರ್ಟು ಮಗುವಿಗೆ ಮೊದಲ ತಂದೆಯ ಮನೆತನದ ಹೆಸರನ್ನೇ ಇಡಿ, ಕಾಗದಪತ್ರಗಳಲ್ಲಿ ಈಗಿನ ಗಂಡನನ್ನು ಮಲತಂದೆ ಅಂತ ತೋರಿಸಿ ಅಂದಿತು. 2022ರ ಜುಲೈ 28ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ತಂದೆಯಿಲ್ಲದ ಮಗುವಿಗೆ ತಾಯಿಯೇ ಸಹಜ ಪಾಲಕಿ, ಹೆಸರು ಇಡುವುದೂ ದತ್ತು ಕೊಡುವುದೂ ಅವಳ ಹಕ್ಕು ಅಂತ ಹೇಳಿತು. ಮಲತಂದೆ ಅಂತ ಕಾಗದದಲ್ಲಿ ಬರೆಸುವುದು ಮಗುವಿನ ಮೇಲೆ ಮಾಡುವ ಕ್ರೌರ್ಯ ಅನ್ನುವ ಅರ್ಥದ ಮಾತನ್ನೂ ಆಡಿತು.

ಗೆದ್ದದ್ದು ತಾಯಿ, ನನಗೂ ಸಮಾಧಾನವೇ. ಆದರೆ ಆ ಮುದುಕ ಮುದುಕಿಯನ್ನು ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಮಗನನ್ನು ಕಳೆದುಕೊಂಡವರಿಗೆ ಮೊಮ್ಮಗ ಒಬ್ಬನೇ ಉಳಿದ ಬಂಧ, ಅವನೂ ಕೈಬಿಟ್ಟುಹೋದಾನು ಅನ್ನುವ ಭಯ ಇದ್ದೇ ಇರುತ್ತದೆ. ಅದಕ್ಕೇ ನೋಟೀಸು ಹಾಕುವ ಮೊದಲು ನೀವಿಬ್ಬರೂ ಕಲಬುರ್ಗಿಗೆ ಹೋಗಿಬನ್ನಿ. ಸಿಹಿ ಒಯ್ಯಬೇಡಿ, ಹಣ್ಣು ಸಾಕು. ಬೇಸಿಗೆ ರಜೆಗೂ ದೀಪಾವಳಿಗೂ ಹುಡುಗ ಎಂದಿನಂತೆ ಬರುತ್ತಾನೆ ಅಂತ ನಿನ್ನನ್ನು ಮದುವೆಯಾಗುವವರೇ ಬಾಯಿಬಿಟ್ಟು ಹೇಳಲಿ. ನೀನು ಹೇಳಿದರೆ ಸಾಲದು. ಮದುವೆಗೆ ಕರೆ, ಬರದಿದ್ದರೆ ಬೇಸರ ಮಾಡಿಕೊಳ್ಳಬೇಡ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ, ವಕೀಲರ ಹತ್ತಿರ ಕೂತು ಸರಿಯಾಗಿ ಕೇಳಿಕೊಳ್ಳಿ. ನಿನ್ನ ಕಡೆಯಿಂದ ಮರಣ ಪ್ರಮಾಣಪತ್ರ, ಅವರ ಕಡೆಯಿಂದ ವಿಚ್ಛೇದನದ ಡಿಕ್ರಿ, ಅದರ ಮೇಲೆ ಅಪೀಲಿಗೆ ಅವಕಾಶವಿದ್ದರೆ ಆ ಅವಧಿ ಮುಗಿದಿರಬೇಕು. ಮದುವೆಯಾದ ಮಾತ್ರಕ್ಕೆ ಅವರು ಚಿನ್ನುವಿಗೆ, ನೀನು ಬುಜ್ಜಿಗೆ ಕಾನೂನಿನ ಪಾಲಕರಾಗುವುದಿಲ್ಲ. 1956ರ ಪಾಲಕತ್ವದ ಕಾಯ್ದೆಯಲ್ಲಿ ತಂದೆ ತಾಯಿ ಅಂದರೆ ಮಲತಂದೆ ಮಲತಾಯಿ ಸೇರುವುದಿಲ್ಲ. ಆಸ್ತಿಯೂ ತಾನಾಗಿ ಹರಿದು ಬರುವುದಿಲ್ಲ. ಆದ್ದರಿಂದ ಇಬ್ಬರೂ ಉಯಿಲು ಬರೆದಿಡಿ, ಇಬ್ಬರು ಮಕ್ಕಳ ಹೆಸರೂ ಇರಲಿ. ಚಿನ್ನುವಿನ ತಂದೆಯ ಕಡೆಯಿಂದ ಬಂದ ದುಡ್ಡು ಅವನ ಹೆಸರಿನ ಖಾತೆಯಲ್ಲೇ ಬೇರೆ ಇರಲಿ, ಫ್ಲಾಟಿನ ಕಂತಿಗೆ ಅದನ್ನು ಮುಟ್ಟಬೇಡಿ. ದತ್ತಕದ ಯೋಚನೆ ಈಗಲೇ ಬೇಡ. ಒಂದೆರಡು ವರ್ಷ ಒಂದೇ ಮನೆಯಲ್ಲಿ ಇದ್ದ ಮೇಲೆ ಹುಡುಗನನ್ನೇ ಕೇಳಿ.

ಮದುವೆಯ ರಾತ್ರಿ ಎಲ್ಲಿಗೂ ಹೊರಡಬೇಡಿ, ನಾಲ್ವರೂ ಮನೆಯಲ್ಲೇ ಇರಿ. ತಿಂಗಳು ಕಳೆಯಲಿ, ಆಮೇಲೆ ಬೇಕಾದಲ್ಲಿಗೆ ಹೋಗಿ. ಇಬ್ಬರನ್ನೂ ಕಾಚಿಗುಡಕ್ಕೆ ತಂದು ಬಿಡಿ, ನಾನು ನೋಡಿಕೊಳ್ಳುತ್ತೇನೆ. ಆ ರಿಮೋಟ್ ಮಾತ್ರ ಬಚ್ಚಿಟ್ಟುಕೊಂಡಿರುತ್ತೇನೆ.

ಬುಜ್ಜಿಯ ಲಂಗ ಬ್ಲೌಸಿನ ಅಳತೆ ಈ ವಾರವೇ ಕಳಿಸು. ಜನರಲ್ ಬಜಾರಿನಲ್ಲಿ ಮಾವಿನಕಾಯಿ ಹಸಿರಿನ ಬಟ್ಟೆ ನೋಡಿಟ್ಟಿದ್ದೇನೆ, ಚಿನ್ನುವಿನ ಜುಬ್ಬಕ್ಕೂ ಅದರದೇ ತುಂಡು ಸಾಕಾಗುತ್ತದೆ. ಲಗ್ನದ ಸೀಸನ್ನು, ಟೈಲರು ಈಗಲೇ ಹತ್ತು ಸಲ ಓಡಾಡಿಸುತ್ತಾನೆ. ಸೊಂಟದ ಹತ್ತಿರ ಎಲಾಸ್ಟಿಕ್ ಹಾಕಿಸಲೋ ಲಾಡಿ ಹಾಕಿಸಲೋ, ಅವಳನ್ನೇ ಕೇಳಿ ತಿಳಿಸು.

ನಿನ್ನ
ಕಾಚಿಗುಡದ ಅತ್ತೆ