ಚಿತ್ರವನ್ನೂ ಓದೋಣ

ಅಕ್ಷರ ಕಲಿತೆವು. ಬಸ್ಸಿನ ಬೋರ್ಡು ಓದುತ್ತೇವೆ. ಬಂದ ಪತ್ರ ಓದುತ್ತೇವೆ. ಚಿತ್ರವನ್ನೂ ಓದಬಹುದು, ಗೊತ್ತೆ?

ಕೆಲವು ಚಿತ್ರ ನೋಡಿದರೆ ಗಲಿಬಿಲಿ ಆಗುತ್ತದೆ. "ಇದೇನ್ರೀ ಇದು? ಮನುಷ್ಯನ ಹಾಗೆ ಕಾಣ್ತದೆ. ಕಣ್ಣಿಲ್ಲ, ಮೂಗಿಲ್ಲ. ಬಣ್ಣವೂ ಒರಟೊರಟು. ಇದೆಲ್ಲ ಓದಿದವರಿಗೇ ಸರಿ" ಅಂತ ಹಿಂದೆ ಸರಿಯುತ್ತೇವೆ. ಹಿಂದೆ ಸರಿಯಬೇಡಿ.

ದೂರದ ಗದ್ದೆಯಲ್ಲಿ ಹೆಂಗಸರು ನಾಟಿ ಮಾಡುತ್ತಿದ್ದಾರೆ. ಮುಖ ಕಾಣದು. ಬಾಗಿದ ಬೆನ್ನು ಮಾತ್ರ ಕಾಣುತ್ತದೆ. ಆದರೂ ಅವರ ದಣಿವು ನಮಗೆ ತಿಳಿಯುತ್ತದೆ. ಚಿತ್ರಕಾರರೂ ಹೀಗೆಯೇ ಬೇಡದ್ದನ್ನು ಬಿಡುತ್ತಾರೆ. ಬೇಕಾದ್ದನ್ನು ಎತ್ತಿ ತೋರಿಸುತ್ತಾರೆ. ರೂಪವನ್ನು ಇದ್ದ ಹಾಗೆ ತೋರಿಸದ ಚಿತ್ರಕ್ಕೆ ಅಮೂರ್ತ ಚಿತ್ರ ಎನ್ನುತ್ತಾರೆ. ಅದರೊಳಗೆ ಮನುಷ್ಯನನ್ನು ಉಳಿಸಿಕೊಂಡ ಚಿತ್ರಗಳೂ ಇವೆ.

ಬಣ್ಣ ಒರಟು ಯಾಕೆ?

ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ಎಣ್ಣೆ ಬಣ್ಣ ಆಗುತ್ತದೆ. ಗಾರೆಯವರು ಕರಣೆಯಿಂದ ಗೋಡೆಗೆ ಗಿಲಾವು ಮಾಡುತ್ತಾರಲ್ಲ, ಹಾಗೆಯೇ ಚಿತ್ರಕಾರರು ಪುಟ್ಟ ಚಾಕುವಿನಿಂದ ಬಟ್ಟೆಯ ಮೇಲೆ ಬಣ್ಣ ಮೆತ್ತುತ್ತಾರೆ. ಗೀರುತ್ತಾರೆ, ಕೆರೆಯುತ್ತಾರೆ. ಕೆಲವರು ಮರಳನ್ನೂ ಬೆರೆಸುತ್ತಾರೆ. ಒಣಗಿದ ಮೇಲೆ ಉಬ್ಬು ತಗ್ಗು ಉಳಿಯುತ್ತದೆ. ಬಿರುಕು ಬಿಟ್ಟ ಅಂಗೈ, ಉತ್ತ ಹೊಲ ನೋಡಿದ ಹಾಗಾಗುತ್ತದೆ.

ನಮ್ಮ ನಾಡಿನ ಹೆಬ್ಬಾರರು

ಕೆ.ಕೆ. ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ. ತಂದೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಹೆಬ್ಬಾರರು ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. ಮುಂದೆ ಪ್ಯಾರಿಸ್ಸಿನಲ್ಲೂ ಕಲಿತರು. ಲಯ ತಿಳಿಯಲು ಕಥಕ್ ನೃತ್ಯ ಅಭ್ಯಾಸ ಮಾಡಿದರು. ದುಡಿಯುವವರು, ಕುಣಿಯುವವರು, ಹಸಿದವರು ಅವರ ಚಿತ್ರಗಳಿಗೆ ಬಂದರು. ಬರಬರುತ್ತ ಚಿತ್ರಗಳಲ್ಲಿ ವಿವರ ಕಡಿಮೆಯಾಯಿತು. ಆದರೆ ಮನುಷ್ಯನ ಸುಖ ದುಃಖ ಉಳಿಯಿತು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಗೌರವ ಬಂತು. 1996ರಲ್ಲಿ ಅವರು ತೀರಿಕೊಂಡರು. ತಮ್ಮ ಹಲವು ಚಿತ್ರಗಳನ್ನು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಕೊಟ್ಟಿದ್ದರು. ಎಲ್ಲರೂ ನೋಡಲಿ ಎಂದೇ ಅಲ್ಲವೆ?

ಹೇಗೆ ನೋಡಬೇಕು?

ಮೊದಲು ದೂರ ನಿಂತು ನೋಡಿ. ಮೈ ಹೇಗೆ ಬಾಗಿದೆ? ತಲೆ ಎತ್ತಿದೆಯೋ, ತಗ್ಗಿದೆಯೋ? ಆಮೇಲೆ ಹತ್ತಿರ ಹೋಗಿ. ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು? ಕೈಯಿಂದ ಮುಟ್ಟಬೇಡಿ, ಚಿತ್ರ ಕೆಡುತ್ತದೆ. ಅನ್ನಿಸಿದ್ದನ್ನು ಹೇಳಿ, ನಾಚಬೇಡಿ. ದುಡಿದು ದಣಿದ ಮೈ ಹೇಗಿರುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಉತ್ತರ ಹೇಳಿ

1. ಮುಖ ಕಾಣದಿದ್ದರೂ ದಣಿವು ಹೇಗೆ ತಿಳಿಯುತ್ತದೆ?
2. ಎಣ್ಣೆ ಬಣ್ಣವನ್ನು ಯಾವುದರಿಂದ ಮಾಡುತ್ತಾರೆ?

ಮಾಡಿ ನೋಡಿ

ಇದ್ದಿಲಿನಿಂದ ನಾಲ್ಕೇ ಗೆರೆ ಎಳೆಯಿರಿ. ನೀರು ಹೊತ್ತವಳನ್ನು ತೋರಿಸಿ. ಮುಖ ಬರೆಯಬೇಡಿ.