ಹೂತ ಬುದ್ಧಿಹಲ್ಲು: ನೋವಡಗಿದರೆ ರೋಗವಡಗಿತೆ?

ಮನುಷ್ಯನ ಶಾಶ್ವತ ಹಲ್ಲುಗಳು 32. ಅವುಗಳಲ್ಲಿ ಕಟ್ಟಕಡೆಗೆ, ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ, ದವಡೆಗಳ ತುದಿಯಲ್ಲಿ ಮೂಡುವ ನಾಲ್ಕು ಹಲ್ಲುಗಳಿಗೆ ಬುದ್ಧಿಹಲ್ಲುಗಳೆಂದು ಹೆಸರು. ಕೆಲವರಿಗೆ ಇವು ಹುಟ್ಟುವುದೇ ಇಲ್ಲ. ಹುಟ್ಟಿದರೂ ದವಡೆಯಲ್ಲಿ ಸ್ಥಳ ಸಾಲದಿದ್ದಾಗ ಹಲ್ಲು ಓರೆಯಾಗಿ ಇಲ್ಲವೆ ಅಡ್ಡಲಾಗಿ, ಎಲುಬಿನಲ್ಲಿಯೋ ವಸಡಿನಡಿಯಲ್ಲಿಯೋ ಸಿಲುಕಿಕೊಳ್ಳುತ್ತದೆ. ಇದೇ ಹೂತ ಹಲ್ಲು.

ಅರ್ಧ ಮಾತ್ರ ಹೊರಬಂದ ಹಲ್ಲಿನ ಮೇಲೆ ವಸಡಿನ ಪದರವೊಂದು ಉಳಿದಿರುತ್ತದೆ. ಅದರಡಿಯಲ್ಲಿ ಅನ್ನದ ಅಗುಳು ಸೇರಿ ಕೊಳೆಯುತ್ತದೆ. ಊತ, ಕೀವು, ದುರ್ಗಂಧ ಉಂಟಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಓರೆಯಾದ ಹಲ್ಲು ಮುಂದಿನ ದವಡೆಹಲ್ಲಿಗೆ ಒತ್ತಿಕೊಂಡರೆ, ಕಡ್ಡಿ ತಲುಪದ ಆ ಸಂದಿಯಲ್ಲಿ ಹುಳುಕು ಹಿಡಿದು ಒಳ್ಳೆಯ ಹಲ್ಲೂ ಕೆಡುತ್ತದೆ. ಕೆಲವೊಮ್ಮೆ ಹೂತ ಹಲ್ಲಿನ ಸುತ್ತ ನೀರ್ಗುಳ್ಳೆ ಬೆಳೆದು, ನೋವೇ ಇಲ್ಲದೆ ಎಲುಬನ್ನು ಸವೆಸುವುದುಂಟು.

'ಇದನ್ನು ಕೊಯ್ಯದೆ, ಆಯುರ್ವೇದದ ಔಷಧದಿಂದಲೇ ಗುಣಪಡಿಸಲಾಗದೆ?' ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ಸುಶ್ರುತಾಚಾರ್ಯರ ಗ್ರಂಥದಲ್ಲೇ ಉತ್ತರವಿದೆ. ದವಡೆಯ ಕೊನೆಯ ಹಲ್ಲಿನಲ್ಲಿ ದೊಡ್ಡ ಊತ, ತೀವ್ರ ವೇದನೆ, ಜೊಲ್ಲು ಸುರಿಯುವಿಕೆ ಇರುವ ರೋಗವನ್ನು ಅವರು 'ಅಧಿಮಾಂಸಕ'ವೆಂದು ಕರೆದಿದ್ದಾರೆ. ಅದಕ್ಕೆ ಹೇಳಿರುವ ಚಿಕಿತ್ಸೆ, ಬೆಳೆದ ಮಾಂಸವನ್ನು ಕತ್ತರಿಸಿ, ಬಜೆ ಮೊದಲಾದವುಗಳ ಚೂರ್ಣವನ್ನು ಜೇನಿನೊಡನೆ ಹಚ್ಚುವುದು. ಅಧಿಕವಾಗಿ ಮೂಡಿದ ಹಲ್ಲನ್ನು ಕಿತ್ತು ತೆಗೆಯುವ ವಿಧಿಯೂ ಅಲ್ಲಿದೆ. ಶಸ್ತ್ರಚಿಕಿತ್ಸೆ ಆಯುರ್ವೇದಕ್ಕೆ ಹೊರಗಿನದಲ್ಲ.

ಮನೆಮದ್ದಿಗೂ ಅದರದೇ ಆದ ಸ್ಥಾನವುಂಟು. ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಊಟವಾದ ಮೇಲೆ ಬಾಯಿ ಮುಕ್ಕಳಿಸುವುದು ಹಿತಕರ. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಒಂದು ಹನಿಯಷ್ಟೇ ಅದ್ದಿ ಇಡಬೇಕು. ಹೆಚ್ಚಾದರೆ ವಸಡು ಸುಡುತ್ತದೆ. ಕೆನ್ನೆಗೆ ಬಿಸಿ ಶಾಖ ಕೊಡಬಾರದು. ಆದರೆ ಲವಂಗವು ನೋವನ್ನು ಮರೆಸುತ್ತದೆಯೇ ಹೊರತು ರೋಗದ ಮೂಲವನ್ನು ತೆಗೆಯದು. ಸಿಲುಕಿದ ಹಲ್ಲನ್ನು ಯಾವ ಕಷಾಯವೂ ಕರಗಿಸಲಾರದು. ನೋವು ಅಡಗಿತೆಂದು ಸುಮ್ಮನಿದ್ದು, ತಿಂಗಳುಗಳ ನಂತರ ಮತ್ತೆ ಊತದೊಂದಿಗೆ ಬರುವವರು ಬಹಳ.

ಜ್ವರ, ನುಂಗಲು ಕಷ್ಟ, ದವಡೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ, ಬಾಯಿ ತೆರೆಯಲಾಗದಿರುವುದು, ಉಸಿರಾಟಕ್ಕೆ ತೊಡಕು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಸೋಂಕು ಕುತ್ತಿಗೆಗೆ ಇಳಿದರೆ ಪ್ರಾಣಾಪಾಯವುಂಟು. ಮಧುಮೇಹಿಗಳು ವಿಶೇಷವಾಗಿ ಎಚ್ಚರವಹಿಸಬೇಕು.

ಹೂತ ಹಲ್ಲುಗಳನ್ನೆಲ್ಲ ಕೀಳಿಸಲೇಬೇಕೆಂದಿಲ್ಲ. ತೊಂದರೆ ಕೊಡದ ಹಲ್ಲನ್ನು ಆಗಾಗ ಪರೀಕ್ಷಿಸುತ್ತಿದ್ದರೆ ಸಾಕು. ಎಕ್ಸ್-ರೇ ನೋಡಿ ನಿರ್ಧರಿಸುವುದು ದಂತವೈದ್ಯರ ಕೆಲಸ. ಕೆಳದವಡೆಯ ಬೇರಿನ ಸಮೀಪದಲ್ಲಿ ತುಟಿಗೆ ಸ್ಪರ್ಶಜ್ಞಾನ ಕೊಡುವ ನರವಿರುವುದರಿಂದ ಈ ಪರೀಕ್ಷೆ ಅವಶ್ಯಕ. ತೆಗೆಸಬೇಕಾದಲ್ಲಿ ಎಳೆಯ ವಯಸ್ಸಿನಲ್ಲಿ ಕೆಲಸ ಸುಲಭ, ಗಾಯವೂ ಬೇಗ ಮಾಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ತಾವಾಗಿಯೇ ನಿಲ್ಲಿಸದೆ, ವೈದ್ಯರಿಗೆ ಮೊದಲೇ ತಿಳಿಸಬೇಕು. ಹಲ್ಲು ತೆಗೆಸಿದ ದಿನ ಬಾಯಿ ಮುಕ್ಕಳಿಸಬಾರದು, ಪದೇ ಪದೇ ಉಗುಳಬಾರದು; ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ರಕ್ಷೆ. ಗಾಯ ಮಾಯುವವರೆಗೆ ತಂಬಾಕು, ಎಲೆಅಡಿಕೆ ಸರ್ವಥಾ ವರ್ಜ್ಯ.

ಮನೆಯ ಯುವಕ ಯುವತಿಯರು ಕೊನೆಯ ಹಲ್ಲಿನ ನೋವೆಂದರೆ, ಲವಂಗ ಕೊಡಿ. ನೋವು ತಗ್ಗಿದ ಮೇಲೂ ಒಮ್ಮೆ ದಂತವೈದ್ಯರಲ್ಲಿಗೆ ಕಳುಹಿಸಿ.