ಇಬ್ಬರ ಆಟ

ವೈಶಾಖದ ಬಿಸಿಲು ಕಲಬುರಗಿಯ ನೆಲವನ್ನು ಕಾಯಿಸತೊಡಗಿತೆಂದರೆ ನಡುಹಗಲಿನಲ್ಲಿ ಬೀದಿಗಳು ಬರಿದಾಗುತ್ತವೆ. ತೊಗರಿಯ ಹೊಲಗಳು ಕೊಯ್ಲಾಗಿ ತಿಂಗಳುಗಳೇ ಕಳೆದಿರುತ್ತವೆ. ಕರಿಯ ಎರೆಭೂಮಿ ಬಿರುಕು ಬಿಟ್ಟು ಮಳೆಯ ದಾರಿಯನ್ನು ಕಾಯುತ್ತಿರುತ್ತದೆ. ಆ ಹೊತ್ತಿನಲ್ಲಿ ಮಕ್ಕಳನ್ನು ಹೊರಗೆ ಆಡಲು ಬಿಡುವ ತಾಯಂದಿರಿಲ್ಲ. ಅಂತಹ ಒಂದು ಮಧ್ಯಾಹ್ನ, ನಗರದ ಅಂಚಿನ ತಾಜಸುಲ್ತಾನಪುರದ ಒಂದು ಮನೆಯಲ್ಲಿ, ಒಂಬತ್ತನೆಯ ತರಗತಿಯ ಇಬ್ಬರು ಗೆಳೆಯರು ಟಿ.ವಿ.ಯ ಪರದೆಯ ಮುಂದೆ ಕುಳಿತಿದ್ದಾರೆಂದು ಇಟ್ಟುಕೊಳ್ಳಬಹುದು. ಒಬ್ಬನು ಊರಿನ ರೈತನ ಮಗ. ಇನ್ನೊಬ್ಬನ ತಂದೆ ಅಲ್ಲಿರುವ ಮೀಸಲು ಪೊಲೀಸ್ ಪಡೆಯಲ್ಲಿ ನೌಕರಿಯಲ್ಲಿದ್ದಾನೆ. ಆ ಕುಟುಂಬ ಹಾಸನದ ಕಡೆಯಿಂದ ಬಂದದ್ದು, ವರ್ಗದ ಆದೇಶ ಬಂದರೆ ಮತ್ತೆ ಗಂಟುಮೂಟೆ ಕಟ್ಟಬೇಕಾದದ್ದು. ಇಬ್ಬರ ಕೈಯಲ್ಲಿಯೂ ಒಂದೊಂದು ಕಂಟ್ರೋಲರ್ ಇದೆ.

“ಏ, ನೀ ಅಲ್ಲೇ ನಿಂದ್ರು. ನಾ ಮೊಳಿ ಒಗೀತೀನಿ, ಆಮ್ಯಾಲ ಹಾರು.”

“ಎಸೆದ್ಯೇನೋ?”

“ತಡಿ... ಹೂಂ, ಈಗ!”

ಪರದೆಯ ಮೇಲಿನ ಗೊಂಬೆ ಹಾರುತ್ತದೆ, ಕೈ ತಪ್ಪಿ ಬೀಳುತ್ತದೆ. ಯಾರ ತಪ್ಪು ಎಂಬ ವಾದ ಆರಂಭವಾಗುತ್ತದೆ. ಒಳಗಿನಿಂದ ಅಜ್ಜಿಯ ಧ್ವನಿ ಕೇಳುತ್ತದೆ: “ಯಾಕ್ರೋ, ಜಗಳ ಮಾಡ್ಲಿಕತ್ತೀರೇನು?” “ಇಲ್ಲ ಆಯಿ, ಆಟ ಆಡ್ಲಿಕತ್ತೀವಿ” ಎಂಬ ಉತ್ತರದಿಂದ ಅವಳಿಗೆ ಸಮಾಧಾನವಾಗುವುದಿಲ್ಲ. ಆಟವೆಂದರೆ ಇಬ್ಬರಲ್ಲಿ ಒಬ್ಬನು ಗೆಲ್ಲಬೇಕು, ಇನ್ನೊಬ್ಬನು ಸೋಲಬೇಕು. ಇವರಿಬ್ಬರೂ ಒಟ್ಟಿಗೆ ಬೀಳುತ್ತಾರೆ, ಒಟ್ಟಿಗೆ ಕೇಕೆ ಹಾಕುತ್ತಾರೆ. ಇದೆಂತಹ ಆಟ?

ಅಜ್ಜಿಯ ಪ್ರಶ್ನೆ ಸಣ್ಣದಲ್ಲ. ವಿಡಿಯೋ ಆಟವೆಂಬುದು ಒಂಟಿ ಮಕ್ಕಳ ಚಟವೆಂಬ ಮಾತು ಹಿರಿಯರಲ್ಲಿ ರೂಢವಾಗಿದೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಊಟ, ನಿದ್ರೆ, ಓದುಗಳನ್ನು ಮರೆತು ಪರದೆಗೆ ಅಂಟಿಕೊಂಡವರನ್ನು ಎಲ್ಲರೂ ಕಂಡಿದ್ದಾರೆ. ಆದರೆ ಈ ಆಟಗಳ ಚರಿತ್ರೆಯ ಆರಂಭದ ದಿನಗಳಲ್ಲಿಯೇ ಇಬ್ಬರ ಆಟವಿತ್ತು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯವನ್ನು ನೋಡಲು ಬರುವ ಜನರ ಬೇಸರ ಕಳೆಯಲೆಂದು ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಒಂದು ಆಟವನ್ನು ರಚಿಸಿದನು. ವಿದ್ಯುತ್ತಿನ ಅಲೆಗಳನ್ನು ತೋರಿಸುವ ಉಪಕರಣದ ಪುಟ್ಟ ಪರದೆಯ ಮೇಲೆ ಬೆಳಕಿನ ಚುಕ್ಕೆಯೊಂದು ಚೆಂಡಿನಂತೆ ಅತ್ತಿತ್ತ ಹಾರುತ್ತಿತ್ತು. ಅದರ ಹೆಸರೇ ‘ಟೆನಿಸ್ ಫಾರ್ ಟೂ’, ಅಂದರೆ ಇಬ್ಬರಿಗಾಗಿ ಟೆನಿಸ್. 1972ರಲ್ಲಿ ಬಂದ ‘ಪಾಂಗ್’ ಆಟಕ್ಕೂ ಇಬ್ಬರು ಬೇಕಾಗಿತ್ತು. ಯಂತ್ರವೇ ಮನುಷ್ಯನಿಗೆ ಎದುರಾಳಿಯಾಗಿ ನಿಲ್ಲುವ ಆಟಗಳು ಮುಂದೆ ಜನಪ್ರಿಯವಾದವು. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಆಟಗಾರನೊಬ್ಬನೇ ನಿಂತು, ಮೇಲಿನಿಂದ ಸಾಲುಸಾಲಾಗಿ ಇಳಿಯುವ ಶತ್ರುಗಳನ್ನು ಎದುರಿಸಿದನು. ಯಂತ್ರ ಜಾಣನಾದಂತೆ ಪಕ್ಕದ ಕುರ್ಚಿ ಬರಿದಾಯಿತು.

ಆ ಕುರ್ಚಿಯಲ್ಲಿ ಮತ್ತೆ ಗೆಳೆಯನನ್ನು ಕೂರಿಸಲು ಹಟ ಹಿಡಿದವರಲ್ಲಿ ಯೋಸೆಫ್ ಫಾರೆಸ್ ಒಬ್ಬನು. ಅವನು ಹುಟ್ಟಿದ್ದು 1977ರಲ್ಲಿ, ಲೆಬನಾನಿನ ಬೈರೂತ್ ನಗರದಲ್ಲಿ. ಅಂತರ್ಯುದ್ಧದ ಬೆಂಕಿಯಲ್ಲಿ ಆ ದೇಶ ಬೇಯುತ್ತಿದ್ದಾಗ, ಸುಮಾರು ಹತ್ತು ವರ್ಷದ ಬಾಲಕನಾಗಿ ಅವನು ಮನೆಯವರೊಂದಿಗೆ ಸ್ವೀಡನ್ ದೇಶಕ್ಕೆ ಬಂದನು. ಬೆಳೆದು ಚಲನಚಿತ್ರ ನಿರ್ದೇಶಕನಾದನು. 2005ರಲ್ಲಿ ತೆರೆಕಂಡ ಅವನ ‘ಝೋಝೋ’ ಚಿತ್ರ, ಯುದ್ಧದಿಂದ ಪಾರಾಗಿ ಸ್ವೀಡನ್ನಿಗೆ ಬರುವ ಲೆಬನಾನಿನ ಹುಡುಗನೊಬ್ಬನ ಕಥೆ. ಅನಂತರ ಅವನು ಆಟಗಳ ರಚನೆಗೆ ಕೈಹಾಕಿದನು.

ಅವನ ಮೊದಲ ಆಟ 2013ರಲ್ಲಿ ಹೊರಬಂದ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’. ತಂದೆ ಕಾಯಿಲೆಯಿಂದ ಮಲಗಿದ್ದಾನೆ. ಅವನನ್ನು ಬದುಕಿಸಬಲ್ಲ ನೀರನ್ನು ದೂರದ ಜೀವವೃಕ್ಷದಿಂದ ತರಲು ಅಣ್ಣತಮ್ಮಂದಿರು ಹೊರಡುತ್ತಾರೆ. ಅವರು ಆಡುವ ಭಾಷೆ ಈ ಲೋಕದ್ದಲ್ಲ, ಆಟಕ್ಕೆಂದೇ ಕಟ್ಟಿದ್ದು; ಆದುದರಿಂದ ಅವರ ದುಃಖ ಸಂತೋಷಗಳನ್ನು ಮೈಯ ಚಲನೆಯಿಂದ, ದನಿಯ ಏರಿಳಿತದಿಂದ ಅರಿಯಬೇಕು. ವಿಶೇಷವೆಂದರೆ ಇದನ್ನು ಆಡುವವನು ಒಬ್ಬನೇ. ಅವನ ಎಡಗೈ ಅಣ್ಣನನ್ನು ನಡೆಸುತ್ತದೆ, ಬಲಗೈ ತಮ್ಮನನ್ನು. ತಾಯಿ ನೀರಿನಲ್ಲಿ ಮುಳುಗಿ ತೀರಿಕೊಂಡದ್ದನ್ನು ಕಣ್ಣಾರೆ ಕಂಡ ತಮ್ಮನಿಗೆ ನೀರೆಂದರೆ ಭಯ. ಹೊಳೆ ಬಂದಾಗಲೆಲ್ಲ ಅಣ್ಣ ಅವನನ್ನು ಬೆನ್ನಮೇಲೆ ಹೊತ್ತು ಈಜುತ್ತಾನೆ. ದಾರಿಯಲ್ಲಿ ಅಣ್ಣ ಸಾಯುತ್ತಾನೆ. ತಮ್ಮನು ಅವನನ್ನು ಮಣ್ಣುಮಾಡಿ ಒಬ್ಬನೇ ಊರಿಗೆ ಮರಳುವಾಗ ಎದುರಿಗೆ ಮತ್ತೆ ನೀರು. ಆಟಗಾರನು ಬಲಗೈಯಿಂದ ಎಷ್ಟು ಒತ್ತಿದರೂ ಹುಡುಗನು ಮುಂದೆ ಹೆಜ್ಜೆಯಿಡುವುದಿಲ್ಲ. ಅಷ್ಟು ಹೊತ್ತು ಕೆಲಸವಿಲ್ಲದೆ ಸುಮ್ಮನಿದ್ದ ಎಡಗೈಯಿಂದ, ಅಣ್ಣನಿಗಾಗಿ ಒತ್ತುತ್ತಿದ್ದ ಗುಂಡಿಯನ್ನು ಒತ್ತಿದಾಗ, ತಮ್ಮನು ನೀರಿಗಿಳಿದು ಈಜುತ್ತಾನೆ.

ಪುಸ್ತಕದಲ್ಲಿ ಓದಿದರೆ ಇದೊಂದು ವಾಕ್ಯ. ಚಲನಚಿತ್ರದಲ್ಲಿ ಕಂಡರೆ ಒಂದು ದೃಶ್ಯ. ಆಟದಲ್ಲಿ ಮಾತ್ರ ಇದು ಬೆರಳಿಗೆ ತಿಳಿಯುತ್ತದೆ. ಗಂಟೆಗಟ್ಟಲೆ ಜೊತೆಗಿದ್ದವನು ಇಲ್ಲವೆಂಬುದನ್ನು ಕೆಲಸ ಕಳೆದುಕೊಂಡ ಕೈ ಮೊದಲು ಅರಿಯುತ್ತದೆ. ಮನಸ್ಸು ಅನಂತರ ಅರಿಯುತ್ತದೆ.

ಎರಡು ಕೈಗಳಲ್ಲಿದ್ದ ಕಥೆಯನ್ನು ಎರಡು ಜೀವಗಳಿಗೆ ಹಂಚಿದರೆ ಹೇಗೆ? 2014ರಲ್ಲಿ ಫಾರೆಸ್ ಸ್ಟಾಕ್‌ಹೋಮ್ ನಗರದಲ್ಲಿ ‘ಹೇಝ್‌ಲೈಟ್’ ಎಂಬ ಸಂಸ್ಥೆಯನ್ನು ಕಟ್ಟಿ, ಇಬ್ಬರಿಲ್ಲದೆ ಆಡಲಾಗದ ಆಟಗಳನ್ನೇ ರಚಿಸತೊಡಗಿದನು. 2018ರಲ್ಲಿ ಬಂದ ಮೊದಲನೆಯದು ಸೆರೆಮನೆಯಿಂದ ತಪ್ಪಿಸಿಕೊಳ್ಳುವ ಇಬ್ಬರು ಕೈದಿಗಳ ಕಥೆ. ಅದು ಮಕ್ಕಳಿಗೆ ತಕ್ಕುದಲ್ಲ. ಎರಡನೆಯದು 2021ರ ‘ಇಟ್ ಟೇಕ್ಸ್ ಟೂ’. ಇದಕ್ಕೆ ಇಬ್ಬರು ಬೇಕು ಎಂದು ಅದರ ಹೆಸರೇ ಹೇಳುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ಅದು ವರ್ಷದ ಶ್ರೇಷ್ಠ ಆಟವೆಂದು ಪ್ರಶಸ್ತಿ ಪಡೆಯಿತು. ತಾಜಸುಲ್ತಾನಪುರದ ಆ ಗೆಳೆಯರ ಮುಂದಿರುವುದು ಇದೇ ಆಟ.

ಕೋಡಿ ಮತ್ತು ಮೇ ಎಂಬ ದಂಪತಿಗಳು ಬೇರೆಯಾಗಲು ನಿಶ್ಚಯಿಸುತ್ತಾರೆ. ಅವರ ಮಗಳು ರೋಸ್ ಎಂಬ ಪುಟ್ಟ ಹುಡುಗಿ ಆ ಸುದ್ದಿ ಕೇಳಿ, ತಾನೇ ಮಾಡಿದ ಎರಡು ಗೊಂಬೆಗಳನ್ನು ಹಿಡಿದು ಅಳುತ್ತಾಳೆ. ಅವಳ ಕಣ್ಣೀರು ಬಿದ್ದ ಗೊಂಬೆಗಳಲ್ಲಿ ತಂದೆತಾಯಿಗಳ ಜೀವ ಸೇರಿಕೊಳ್ಳುತ್ತದೆ. ತಂದೆ ಮಣ್ಣಿನ ಗೊಂಬೆಯಾಗುತ್ತಾನೆ, ತಾಯಿ ಮರದ ಗೊಂಬೆಯಾಗುತ್ತಾಳೆ. ಗೇಣುದ್ದದ ಆ ಜೀವಗಳಿಗೆ ಸ್ವಂತ ಮನೆಯೇ ಕಾಡಾಗುತ್ತದೆ. ಉಪಕರಣಗಳ ಕೊಠಡಿ, ಅಂಗಳದ ಮರ, ಗೋಡೆಯ ಗಡಿಯಾರ, ಹಿತ್ತಲಿನ ತೋಟ ಇವೆಲ್ಲವನ್ನೂ ದಾಟಿ ಅವರು ಮಗಳನ್ನು ತಲುಪಬೇಕು.

ಪರದೆ ಹೆಚ್ಚಿನ ಹೊತ್ತು ಎರಡು ಭಾಗವಾಗಿರುತ್ತದೆ. ಒಂದೊಂದು ಭಾಗ ಒಬ್ಬೊಬ್ಬ ಆಟಗಾರನದು. ಪ್ರತಿಯೊಂದು ಅಧ್ಯಾಯದಲ್ಲಿಯೂ ಇಬ್ಬರಿಗೆ ಬೇರೆಬೇರೆ ಶಕ್ತಿ ದೊರೆಯುತ್ತದೆ, ಒಂದು ಶಕ್ತಿ ಇನ್ನೊಂದಿಲ್ಲದೆ ನಿಷ್ಪ್ರಯೋಜಕ. ತಂದೆಗೆ ಮೊಳೆಗಳು, ತಾಯಿಗೆ ಸುತ್ತಿಗೆಯ ತಲೆ. ಅವನು ಮರದ ಗೋಡೆಗೆ ಮೊಳೆ ಎಸೆದರೆ ಅವಳು ಸುತ್ತಿಗೆಯನ್ನು ಅದಕ್ಕೆ ಸಿಕ್ಕಿಸಿ ಜೋತಾಡುತ್ತ ಕಂದರ ದಾಟುತ್ತಾಳೆ. ಅವಳು ದಾಟುವ ಮೊದಲೇ ಅವನು ಮೊಳೆಯನ್ನು ಹಿಂದಕ್ಕೆ ಕರೆದರೆ ಅವಳ ಗತಿ ಮುಗಿಯಿತು. ಮರದೊಳಗಿನ ಅಧ್ಯಾಯದಲ್ಲಿ ಒಬ್ಬನು ಹೊತ್ತಿಕೊಳ್ಳುವ ಅಂಟನ್ನು ಚಿಮ್ಮಿಸುತ್ತಾನೆ, ಇನ್ನೊಬ್ಬನು ಅದಕ್ಕೆ ಬೆಂಕಿಕಡ್ಡಿ ಹಾರಿಸುತ್ತಾನೆ. ಮತ್ತೊಂದರಲ್ಲಿ ಅಯಸ್ಕಾಂತದ ಒಂದೊಂದು ತುಂಡು ಒಬ್ಬೊಬ್ಬರ ಬೆನ್ನ ಮೇಲೆ. ಚುರುಕಾದ ಬೆರಳಿದ್ದರೆ ಇಲ್ಲಿ ಸಾಲದು. ತನ್ನ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬನಿಗೆ ಅರ್ಥವಾಗುವಂತೆ ಹೇಳಬೇಕು. ಅವನು ನಿಧಾನಿಯಾದರೆ ಕಾಯಬೇಕು. ಪೊಲೀಸನ ಮಗನಿಗೆ ಆಟ ಮೊದಲೇ ಪರಿಚಿತ, ರೈತನ ಮಗನಿಗೆ ಹೊಸದು. ಹದಿನೈದು ಸಲ ಬಿದ್ದ ಗೆಳೆಯನ ಕೈಯಿಂದ ಕಂಟ್ರೋಲರನ್ನು ಕಸಿದು ತಾನೇ ದಾಟಿಸಿಬಿಡುವ ಆಸೆ ಬಲ್ಲವನಿಗೆ ಬರದಿರುವುದಿಲ್ಲ. ಹಾಗೆ ಕಸಿದುಕೊಂಡ ದಿನ ಇಬ್ಬರ ನಡುವೆ ಮಾತು ನಿಂತಿತು. ಮರುದಿನ ಆಟವೂ ನಿಂತಿತು.

ಕಥೆಯನ್ನು ಕೂಡಿ ಆಡುವ ಸಂಪ್ರದಾಯ ಕನ್ನಡನಾಡಿಗೆ ಹೊಸತಲ್ಲ. ಸುಗ್ಗಿಯ ನಂತರ ಬೆಳತನಕ ನಡೆಯುವ ಬಯಲಾಟದಲ್ಲಿ ರೈತರೇ ಭೀಮ ದುರ್ಯೋಧನರಾಗುತ್ತಾರೆ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡು ಮೊದಲೇ ಗೊತ್ತು, ಕಥೆ ಎಲ್ಲರಿಗೂ ಗೊತ್ತು, ಆದರೆ ಮಾತು ಮಾತ್ರ ಆ ರಾತ್ರಿಯದು. ಕೃಷ್ಣನ ಅರ್ಥ ಹೇಳುವವನು ಎಷ್ಟೇ ಪಂಡಿತನಾಗಿರಲಿ, ಎದುರಿಗೆ ಕುಳಿತವನು ತಕ್ಕ ಉತ್ತರ ಕೊಡದಿದ್ದರೆ ಅವನ ಮಾತು ಏರುವುದಿಲ್ಲ.

ಆಟದ ನಡುವೆ ಒಂದು ಘಟ್ಟವಿದೆ. ಮಗಳು ಮತ್ತೆ ಅತ್ತರೆ ಅವಳ ಕಣ್ಣೀರಿನಿಂದ ತಮಗೆ ಮನುಷ್ಯರೂಪ ಬರಬಹುದೆಂದು ಆ ದಂಪತಿಗಳು ಎಣಿಸುತ್ತಾರೆ. ಅದಕ್ಕಾಗಿ ಅವಳ ಅತ್ಯಂತ ಪ್ರೀತಿಯ ಆಟಿಕೆಯಾದ ಬಟ್ಟೆಯ ಆನೆಯನ್ನು ಕೆಡಿಸಲು ಹೊರಡುತ್ತಾರೆ. ಆ ಆನೆ ಮಾತನಾಡುತ್ತದೆ. ಬಂದವರನ್ನು ನಗುತ್ತ ಸ್ವಾಗತಿಸುತ್ತದೆ. ಉದ್ದೇಶ ತಿಳಿದಾಗ ಬೇಡುತ್ತದೆ. ಅದನ್ನು ಎಳೆದೊಯ್ದು ಎತ್ತರದಿಂದ ಕೆಡಹಬೇಕಾದವರು ಆಡುವ ಇಬ್ಬರೇ. ಬೇರೆ ದಾರಿಯನ್ನು ಆಟ ಕೊಡುವುದಿಲ್ಲ. ಲೋಕದ ನಾನಾ ಕಡೆಗಳಲ್ಲಿ ಆಟಗಾರರು ಇಲ್ಲಿಗೆ ಬಂದು ಕೈ ತಡೆದು ಕುಳಿತದ್ದುಂಟು. ತಾಜಸುಲ್ತಾನಪುರದ ಕೋಣೆಯಲ್ಲಿಯೂ ಗದ್ದಲ ನಿಂತುಹೋಗುತ್ತದೆ. “ಬ್ಯಾಡಲೇ” ಎನ್ನುತ್ತಾನೆ ಒಬ್ಬ. ಇನ್ನೊಬ್ಬ ಮಾತಾಡುವುದಿಲ್ಲ. ಕೊನೆಗೆ ಒಬ್ಬರ ಮುಖ ಒಬ್ಬರು ನೋಡದೆ ಗುಂಡಿ ಒತ್ತುತ್ತಾರೆ. ಹುಡುಗಿ ಅಳುತ್ತಾಳೆ. ಗೊಂಬೆಗಳು ಗೊಂಬೆಗಳಾಗಿಯೇ ಉಳಿಯುತ್ತವೆ.

ಕೆಟ್ಟ ಕೆಲಸವನ್ನು ಕಥೆಯಲ್ಲಿ ಕೇಳಿದಾಗ ಮಾಡಿದವನನ್ನು ಬಯ್ಯುವುದು ಸುಲಭ. ಇಲ್ಲಿ ಬಯ್ಯಲು ಹೊರಗಿನವರಾರೂ ಇಲ್ಲ, ಜೊತೆಗೆ ಸಾಕ್ಷಿಯೊಬ್ಬ ಪಕ್ಕದಲ್ಲಿಯೇ ಇದ್ದಾನೆ. ಆಟದಲ್ಲಿ ದೋಷಗಳಿಲ್ಲವೆಂದಲ್ಲ. ಚಮತ್ಕಾರಗಳಿಗೆ ಅದು ಕೊಟ್ಟಷ್ಟು ಹೊತ್ತನ್ನು ಗಂಡಹೆಂಡಿರು ಮನಬಿಚ್ಚಿ ಮಾತನಾಡಲು ಕೊಟ್ಟಿಲ್ಲ. ಅವರನ್ನು ಒಂದುಗೂಡಿಸಲು ಕುಣಿಯುವ ಪುಸ್ತಕರೂಪದ ಪಾತ್ರದ ಹರಟೆಯಂತೂ ಬಹಳ ಕಡೆ ತಲೆನೋವು. ಆದರೆ ಆನೆಯ ಪ್ರಸಂಗವನ್ನು ಆಡಿದವರು ಮರೆಯಲಾರರು.

ಸುಮಾರು ಹನ್ನೆರಡು ಹದಿನಾಲ್ಕು ಗಂಟೆಗಳಲ್ಲಿ ಮುಗಿಯುವ ಈ ಆಟ ಗೆಳೆಯರ ಕೈಯಲ್ಲಿ ಇಡೀ ರಜೆ ನಡೆಯಿತು. ದಿನಕ್ಕೆ ಒಂದು ಗಂಟೆಯೆಂಬ ಅಜ್ಜಿಯ ಕಟ್ಟಳೆ ಒಂದು ಕಾರಣ. ಹೊತ್ತುಗೊತ್ತಿಲ್ಲದೆ ಹೋಗುವ ಕರೆಂಟು ಇನ್ನೊಂದು. ಮುಂಗಾರು ಇಳಿಯುವ ವೇಳೆಗೆ ಹಾಸನಕ್ಕೆ ವರ್ಗದ ಆದೇಶವೂ ಬಂದಿತು. ಎರಡು ಅಧ್ಯಾಯಗಳು ಉಳಿದಿದ್ದವು.

ಈ ಆಟವನ್ನು ಒಬ್ಬನು ಕೊಂಡರೆ ಸಾಕು. ಅವನ ಗೆಳೆಯನು ಬೇರೆ ಊರಿನಲ್ಲಿದ್ದರೂ ಹಣ ಕೊಡದೆ ಇಂಟರ್ನೆಟ್ಟಿನ ಮೂಲಕ ಕೂಡಿಕೊಳ್ಳಬಹುದೆಂಬ ಏರ್ಪಾಡನ್ನು ರಚಿಸಿದವರೇ ಮಾಡಿದ್ದಾರೆ. ಎರಡನೆಯವನಿಗೆ ಯಂತ್ರ ದೊರಕಲು ಒಂದು ತಿಂಗಳು ಹಿಡಿಯಿತು. ಊರಿನ ಅಣ್ಣನೊಬ್ಬ ಸಂಜೆಯ ಹೊತ್ತು ತನ್ನ ಕಂಪ್ಯೂಟರನ್ನು ಬಿಟ್ಟುಕೊಟ್ಟನು. ಪರದೆ ಎಂದಿನಂತೆ ಎರಡು ಭಾಗವಾಯಿತು. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಹಾಸನದ ಮಳೆಯ ಸದ್ದು ಕೇಳಿಸುತ್ತಿತ್ತು. ರೈತನ ಮಗನು ಆತುರದಿಂದ ಓಡಿ ಕಂದರದ ಅಂಚಿಗೆ ಬಂದಾಗ ಆ ಕಡೆಯಿಂದ ಕೂಗು ಬಂದಿತು:

“ಏ, ಅಲ್ಲೇ ನಿಂದ್ರು! ನಾ ಬರ್ಲಿಕತ್ತೀನಿ.”